ಹೆಸರನ್ನು ಅಳಿಸಿದರೆ ಮನುಷ್ಯ ಮರೆಯಾಗುತ್ತಾನೆಯೇ?

ನಮ್ಮ ದಿನನಿತ್ಯದ ಬಾಳಿನಲ್ಲಿ ಯಂತ್ರಗಳು ನಮ್ಮನ್ನು ಪ್ರಶ್ನಿಸತೊಡಗಿ ಬಹುಕಾಲವೇನೂ ಆಗಿಲ್ಲ. ಆದರೂ ಅವುಗಳಿಗೆ ಉತ್ತರ ಕೊಡುವುದು ನಮಗೆ ಈಗಾಗಲೇ ಉಸಿರಾಟದಷ್ಟು ಸಹಜವಾಗಿಬಿಟ್ಟಿದೆ. ಬಟ್ಟೆಯಂಗಡಿಯಲ್ಲಿ ಹಣ ತೆರುವಾಗ ಮೊಬೈಲ್ ಸಂಖ್ಯೆಯನ್ನು ಹೇಳುತ್ತೇವೆ. ಬಹುಮಾನದ ಆಸೆಯಿಂದ ತುಂಬುವ ಚೀಟಿಯಲ್ಲಿ ಹುಟ್ಟಿದ ದಿನವನ್ನು ಬರೆಯುತ್ತೇವೆ. ಕಾಲಹರಣಕ್ಕೆಂದು ಮೊಬೈಲಿಗೆ ಇಳಿಸಿಕೊಂಡ ಆಟವೊಂದು ನಾವಿರುವ ಸ್ಥಳವನ್ನು ತಿಳಿಯಲು ಅಪ್ಪಣೆ ಬೇಡಿದರೆ, ಮರುಯೋಚನೆಯಿಲ್ಲದೆ ಒಪ್ಪಿಗೆಯ ಗುಂಡಿಯನ್ನು ಒತ್ತುತ್ತೇವೆ. ಈ ವಿಷಯವಾಗಿ ಯಾರಾದರೂ ಎಚ್ಚರಿಸಿದರೆ ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಮೂರು. ಮೊದಲನೆಯದು, "ನಾನು ಹೆಸರನ್ನೇ ಕೊಟ್ಟಿಲ್ಲವಲ್ಲ!" ಎರಡನೆಯದು, "ಇಷ್ಟು ಸಣ್ಣ ವಿಷಯದಿಂದ ಏನಾದೀತು?" ಮೂರನೆಯದು, "ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ?"

ಈ ಮೂರು ಮಾತುಗಳಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಪರೀಕ್ಷೆಗೆ ನಾವು ಬಳಸುವ ಒರೆಗಲ್ಲು ನೀತಿಬೋಧೆಯಲ್ಲ, ಗಣಿತ. ಅದೂ ಗುಣಾಕಾರ ಭಾಗಾಕಾರಗಳನ್ನು ಬಲ್ಲ ಯಾವ ವಿದ್ಯಾರ್ಥಿಗೂ ಎಟುಕತಕ್ಕ ಗಣಿತ.

ಮೂವತ್ತಮೂರು ಪ್ರಶ್ನೆಗಳ ಆಟ

ಮಕ್ಕಳು ಆಡುವ ಒಂದು ಆಟವನ್ನು ವಾಚಕರು ಬಲ್ಲರು. ಒಬ್ಬನು ತನಗೆ ತಿಳಿದ ಯಾರನ್ನಾದರೂ ಮನಸ್ಸಿನಲ್ಲಿ ನೆನೆದುಕೊಳ್ಳುತ್ತಾನೆ. ಇನ್ನೊಬ್ಬನು ಪ್ರಶ್ನೆಗಳನ್ನು ಕೇಳುತ್ತಾನೆ. 'ಹೌದು' ಅಥವಾ 'ಅಲ್ಲ' ಎಂಬ ಉತ್ತರಗಳಿಂದಲೇ ಆ ವ್ಯಕ್ತಿ ಯಾರೆಂದು ಕಂಡುಹಿಡಿಯಬೇಕು. ತರಗತಿಯಲ್ಲಿ ೩೨ ವಿದ್ಯಾರ್ಥಿಗಳಿದ್ದಾರೆ ಎಂದು ಊಹಿಸೋಣ. ಪ್ರತಿಯೊಂದು ಪ್ರಶ್ನೆಯೂ ಉಳಿದವರ ಗುಂಪನ್ನು ಸರಿಯಾಗಿ ಎರಡು ಪಾಲು ಮಾಡುವಂತಿದ್ದರೆ, ಮೊದಲ ಉತ್ತರದಿಂದ ೧೬ ಮಂದಿ ಉಳಿಯುತ್ತಾರೆ, ಎರಡನೆಯದರಿಂದ ೮, ಮೂರನೆಯದರಿಂದ ೪, ನಾಲ್ಕನೆಯದರಿಂದ ೨, ಐದನೆಯದರಿಂದ ಒಬ್ಬನೇ. ೩೨ ಮಂದಿಯ ಗುಂಪಿಗೆ ೫ ಪ್ರಶ್ನೆಗಳು ಸಾಕು.

ಗುಂಪು ದೊಡ್ಡದಾದರೆ ಪ್ರಶ್ನೆಗಳೂ ಅಷ್ಟೇ ಹೆಚ್ಚಬೇಕು ಎಂದು ನಮ್ಮ ಮನಸ್ಸು ಹೇಳುತ್ತದೆ. ಆದರೆ ಸಂಗತಿ ಹಾಗಿಲ್ಲ. ಗುಂಪು ಇಮ್ಮಡಿಯಾದರೆ ಪ್ರಶ್ನೆಗಳಲ್ಲಿ ಹೆಚ್ಚುವುದು ಒಂದೇ ಒಂದು. ೧,೦೨೪ ಮಂದಿಯ ಕಾಲೇಜಿಗೆ ೧೦ ಪ್ರಶ್ನೆಗಳು. ಹತ್ತು ಲಕ್ಷ ಜನರ ನಗರಕ್ಕೆ ೨೦. ಚದುರಂಗದ ಮನೆಗಳಲ್ಲಿ ಕಾಳನ್ನು ಇಮ್ಮಡಿಸುತ್ತ ಹೋಗಿ ರಾಜನ ಕಣಜವೇ ಬರಿದಾದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವಷ್ಟೆ. ಇಲ್ಲಿ ಅದೇ ಕಥೆ ಹಿಂದುಮುಂದಾಗಿ ನಡೆಯುತ್ತದೆ. ಅಲ್ಲಿ ಒಂದು ಕಾಳು ರಾಶಿಯಾಯಿತು. ಇಲ್ಲಿ ರಾಶಿ ಕರಗಿ ಒಂದೇ ಕಾಳಾಗುತ್ತದೆ.

ಜಗತ್ತಿನ ಜನಸಂಖ್ಯೆ ೮೦೦ ಕೋಟಿಯನ್ನು ಮುಟ್ಟಿತೆಂದು ವಿಶ್ವಸಂಸ್ಥೆ ೨೦೨೨ರ ನವೆಂಬರ್ ೧೫ರಂದು ಲೆಕ್ಕಹಾಕಿತು. ಎರಡನ್ನು ೩೩ ಸಲ ತನ್ನಿಂದ ತಾನೇ ಗುಣಿಸಿದರೆ ದೊರೆಯುವ ಸಂಖ್ಯೆ ೮೫೮ ಕೋಟಿಗೂ ಮಿಗಿಲು. ಇದರ ಅರ್ಥವೇನು? ಪ್ರತಿಸಲವೂ ಗುಂಪನ್ನು ಅರ್ಧಮಾಡುವಂಥ ೩೩ ಪ್ರಶ್ನೆಗಳಿಗೆ ಉತ್ತರ ದೊರೆತರೆ, ಈ ಭೂಮಂಡಲದ ಯಾವ ಮೂಲೆಯಲ್ಲಿರುವ ಯಾವ ಮನುಷ್ಯನನ್ನಾದರೂ ಕೋಟ್ಯಂತರ ಜನರ ನಡುವಿನಿಂದ ಎತ್ತಿ ತೋರಿಸಬಹುದು. ೧೪೦ ಕೋಟಿಗೂ ಹೆಚ್ಚು ಜನರಿರುವ ನಮ್ಮ ದೇಶದ ಮಟ್ಟಿಗೆ ೩೧ ಪ್ರಶ್ನೆಗಳೇ ಸಾಕು. ಹೆಸರೇನೆಂದು ಒಮ್ಮೆಯೂ ಕೇಳಬೇಕಾಗಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಮಾಹಿತಿಗೂ ತೂಕವುಂಟು

ಹೀಗೆ ಗುಂಪನ್ನು ಅರ್ಧಮಾಡುವ ಒಂದು ಉತ್ತರವನ್ನು ವಿಜ್ಞಾನಿಗಳು ಒಂದು 'ಬಿಟ್' ಎಂದು ಕರೆಯುತ್ತಾರೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಕ್ಲಾಡ್ ಶ್ಯಾನನ್ ಎಂಬ ಗಣಿತಜ್ಞನು ೧೯೪೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಉದ್ದವನ್ನು ಮೀಟರಿನಿಂದಲೂ ಭಾರವನ್ನು ಕಿಲೋಗ್ರಾಮಿನಿಂದಲೂ ಅಳೆಯುವಂತೆ ಮಾಹಿತಿಯನ್ನು ಬಿಟ್‌ಗಳಿಂದ ಅಳೆಯಬಹುದೆಂದು ತೋರಿಸಿಕೊಟ್ಟನು. ಬಿಟ್ ಎಂಬ ಹೆಸರನ್ನು ಸೂಚಿಸಿದವನು ಅವನ ಸಹೋದ್ಯೋಗಿಯಾಗಿದ್ದ ಜಾನ್ ಟ್ಯೂಕಿ.

ಎಲ್ಲ ಉತ್ತರಗಳ ತೂಕವೂ ಒಂದೇ ಅಲ್ಲ. "ಆ ಮನುಷ್ಯನಿಗೆ ಎರಡು ಕಣ್ಣುಗಳಿವೆಯೇ?" ಎಂಬ ಪ್ರಶ್ನೆಗೆ 'ಹೌದು' ಎಂಬ ಉತ್ತರ ಬಂದರೆ ನಮಗೆ ದಕ್ಕಿದ್ದು ಬಹುತೇಕ ಸೊನ್ನೆ. ಗಂಡೋ ಹೆಣ್ಣೋ ಎಂದು ತಿಳಿದರೆ ಸರಿಸುಮಾರು ಒಂದು ಬಿಟ್. ಉತ್ತರವು ಎಷ್ಟು ಅಪರೂಪವೋ ಅದರ ತೂಕ ಅಷ್ಟು ಹೆಚ್ಚು. ಒಂದು ನಿದರ್ಶನವನ್ನು ನೋಡೋಣ. ೧೯೫೨ರಲ್ಲಿ ಮುಂಬಯಿಯ ಡಾಕ್ಟರ್ ಭೇಂಡೆ ಮತ್ತು ಅವರ ಸಂಗಡಿಗರು ಒಂದು ಅಪೂರ್ವವಾದ ರಕ್ತದ ಗುಂಪನ್ನು ಗುರುತಿಸಿದರು. 'ಬಾಂಬೆ ರಕ್ತದ ಗುಂಪು' ಎಂದು ಪ್ರಸಿದ್ಧವಾದ ಇದು ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಂಡುಬರುತ್ತದೆ. ಒಬ್ಬರ ರಕ್ತ ಈ ಗುಂಪಿನದೆಂದು ತಿಳಿದೊಡನೆಯೇ ೧೩ ಬಿಟ್‌ಗಳಿಗೂ ಹೆಚ್ಚು ಮಾಹಿತಿ ನಮ್ಮ ಕೈಸೇರಿದಂತಾಯಿತು. ಹದಿಮೂರು ಪ್ರಶ್ನೆಗಳ ಕೆಲಸವನ್ನು ಒಂದೇ ಉತ್ತರ ಮುಗಿಸಿತು.

ಬಿಟ್‌ಗಳನ್ನು ಕೂಡುವಾಗ ಒಂದು ಎಚ್ಚರಿಕೆ ಅಗತ್ಯ. ಒಂದು ಸಂಗತಿಯಲ್ಲಿ ಇನ್ನೊಂದು ಸಂಗತಿ ಅಡಗಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಹಿಡಿಯಕೂಡದು. ಒಬ್ಬನು ಮೈಸೂರು ನಗರದವನೆಂದು ತಿಳಿದಮೇಲೆ ಕರ್ನಾಟಕದವನೆಂಬುದು ಹೊಸತೇನನ್ನೂ ಕೂಡಿಸುವುದಿಲ್ಲ. ಆದರೆ ಹುಟ್ಟಿದ ದಿನಕ್ಕೂ ವಾಸಿಸುವ ಬೀದಿಗೂ ಸಂಬಂಧವಿಲ್ಲವಾದ್ದರಿಂದ ಅವೆರಡರ ಬಿಟ್‌ಗಳನ್ನು ಧಾರಾಳವಾಗಿ ಕೂಡಬಹುದು.

ಮೂರು ಸಾಧಾರಣ ಉತ್ತರಗಳು

ಈಗ ಬಹುಮಾನದ ಚೀಟಿಗೆ ಹಿಂದಿರುಗೋಣ. ಅದರಲ್ಲಿ ಹೆಸರಿಲ್ಲ, ಇರುವುದು ಪಿನ್ ಕೋಡ್, ಹುಟ್ಟಿದ ದಿನಾಂಕ, ಲಿಂಗ ಎಂಬ ಮೂರೇ ಸಂಗತಿಗಳು ಎಂದಿಟ್ಟುಕೊಳ್ಳೋಣ.

ನಮ್ಮ ದೇಶದಲ್ಲಿ ೧೯೭೨ರ ಆಗಸ್ಟ್ ೧೫ರಂದು ಆಚರಣೆಗೆ ಬಂದ ಆರಂಕೆಯ ಪಿನ್ ಕೋಡ್‌ಗಳು ಒಟ್ಟು ಸುಮಾರು ೧೯,೦೦೦. ಎಂಬತ್ತು ವರ್ಷಗಳ ಅವಧಿಯಲ್ಲಿ ಬರುವ ದಿನಗಳು ಸುಮಾರು ೨೯,೨೦೦. ಲಿಂಗವನ್ನು ಎರಡು ವಿಧವೆಂದು ಎಣಿಸಿದರೆ, ಈ ಮೂರನ್ನೂ ಗುಣಿಸಿದಾಗ ಸುಮಾರು ೧೧೧ ಕೋಟಿ ಬಗೆಯ ಉತ್ತರಗಳು ಸಾಧ್ಯವೆಂದಾಯಿತು. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗೂಡುಗಳನ್ನು ನೆನೆದುಕೊಳ್ಳಿ. ಅಂಥ ೧೧೧ ಕೋಟಿ ಗೂಡುಗಳಲ್ಲಿ ೧೪೦ ಕೋಟಿ ಜನರನ್ನು ವಿಂಗಡಿಸಿದರೆ ಒಂದೊಂದು ಗೂಡಿನಲ್ಲಿ ಸರಾಸರಿ ಎಷ್ಟು ಮಂದಿ ಉಳಿಯುತ್ತಾರೆ? ಒಂದೂಕಾಲು! ಬಿಟ್‌ಗಳ ಭಾಷೆಯಲ್ಲಿ ಹೇಳುವುದಾದರೆ, ಪಿನ್ ಕೋಡ್ ೧೪ಕ್ಕೆ ತುಸು ಹೆಚ್ಚು, ದಿನಾಂಕ ೧೫ಕ್ಕೆ ತುಸು ಕಡಿಮೆ, ಲಿಂಗ ಒಂದು, ಒಟ್ಟು ೩೦. ಬೇಕಾಗಿದ್ದುದು ೩೧ಕ್ಕಿಂತ ಕಡಿಮೆ.

ಇದು ಸ್ಥೂಲವಾದ ಲೆಕ್ಕವೆಂಬುದನ್ನು ಮರೆಯತಕ್ಕದ್ದಲ್ಲ. ಜನರು ಪಿನ್ ಕೋಡ್‌ಗಳಲ್ಲಿ ಸಮವಾಗಿ ಹಂಚಿಹೋಗಿಲ್ಲ. ನಗರದ ಬಡಾವಣೆಯೊಂದರಲ್ಲಿ ಲಕ್ಷಾಂತರ ಜನರಿದ್ದರೆ, ಮಲೆನಾಡಿನ ಹಳ್ಳಿಗಳ ಪಿನ್ ಕೋಡ್ ಒಂದರಲ್ಲಿ ಕೆಲವೇ ಸಾವಿರ ಜನರಿರಬಹುದು. ಹಳ್ಳಿಯವನನ್ನು ಗುರುತಿಸುವುದು ಇನ್ನೂ ಸುಲಭವೆಂದಾಯಿತು. ಮತ್ತೊಂದು ವಿನೋದವೂ ಉಂಟು. ನಮ್ಮ ಹಿಂದಿನ ತಲೆಮಾರಿನ ಅನೇಕರ ಜನ್ಮದಿನ ದಾಖಲೆಗಳಲ್ಲಿ ಜೂನ್ ೧ ಎಂದೇ ಇದೆ. ಶಾಲೆ ತೆರೆಯುವ ದಿನ ಮಗುವನ್ನು ಕರೆತಂದ ತಂದೆಗೆ ಹುಟ್ಟಿದ ದಿನ ನೆನಪಿಲ್ಲದಿದ್ದರೆ ಮೇಷ್ಟರು ತಮಗೆ ಅನುಕೂಲವಾದ ತಾರೀಖನ್ನು ಬರೆದುಕೊಂಡುಬಿಡುತ್ತಿದ್ದರು. ಅವರ ಆ ಲೇಖನಿಯ ದೆಸೆಯಿಂದ ಎಷ್ಟೋ ಮಂದಿ ಹಿರಿಯರು ಒಂದು ದೊಡ್ಡ ಗುಂಪಿನಲ್ಲಿ ಸುರಕ್ಷಿತವಾಗಿ ಅಡಗಿದ್ದಾರೆ! ಆಸ್ಪತ್ರೆಯಲ್ಲಿ ಹುಟ್ಟಿ, ನಿಜವಾದ ದಿನಾಂಕವನ್ನೇ ಪಡೆದ ಇಂದಿನ ವಿದ್ಯಾರ್ಥಿಗಳಿಗೆ ಆ ಆಸರೆಯಿಲ್ಲ.

ಗವರ್ನರರ ರೋಗದ ದಾಖಲೆ

ಇದು ಬರಿಯ ಕಾಗದದ ಲೆಕ್ಕವೇ ಎಂದು ಕೆಲವರು ಕೇಳಬಹುದು. ಅಮೆರಿಕದಲ್ಲಿ ನಡೆದ ಘಟನೆಯೊಂದು ಇದಕ್ಕೆ ಉತ್ತರ ಕೊಡುತ್ತದೆ.

ಮ್ಯಾಸಚೂಸೆಟ್ಸ್ ಸಂಸ್ಥಾನದ ಸರಕಾರಿ ನೌಕರರ ಆರೋಗ್ಯವಿಮೆಯನ್ನು ನೋಡಿಕೊಳ್ಳುತ್ತಿದ್ದ ಆಯೋಗವು, ಸುಮಾರು ೧,೩೫,೦೦೦ ನೌಕರರ ಮತ್ತು ಅವರ ಕುಟುಂಬದವರ ಚಿಕಿತ್ಸೆಯ ವಿವರಗಳನ್ನು ೧೯೯೦ರ ದಶಕದ ನಡುವೆ ಸಂಶೋಧಕರಿಗೆ ಒದಗಿಸಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಹೆಸರು, ವಿಳಾಸ ಮೊದಲಾದವನ್ನು ಅಳಿಸಿಯೇ ಕೊಡಲಾಗಿತ್ತು. ಜನರ ಗುಟ್ಟಿಗೆ ಭಂಗವಿಲ್ಲವೆಂದು ಸಂಸ್ಥಾನದ ಗವರ್ನರರಾಗಿದ್ದ ವಿಲಿಯಂ ವೆಲ್ಡ್ ಭರವಸೆಯನ್ನೂ ಕೊಟ್ಟಿದ್ದರು. ಆದರೆ ಆ ದಾಖಲೆಗಳಲ್ಲಿ ರೋಗಿಯ ಜನ್ಮದಿನಾಂಕ, ಲಿಂಗ ಮತ್ತು ಅಂಚೆಯ ಜಿಪ್ ಸಂಖ್ಯೆ ಉಳಿದುಕೊಂಡಿದ್ದುವು.

ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಎಂಬಾಕೆ ಈ ಭರವಸೆಯನ್ನು ಪರೀಕ್ಷಿಸಬಯಸಿದಳು. ಗವರ್ನರರು ವಾಸವಾಗಿದ್ದ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು ಇಪ್ಪತ್ತು ಡಾಲರು ತೆತ್ತು ಕೊಂಡಳು. ಅದರಲ್ಲಿ ಹೆಸರಿನ ಜೊತೆಗೆ ಜನ್ಮದಿನಾಂಕ, ಲಿಂಗ, ಜಿಪ್ ಸಂಖ್ಯೆಗಳೂ ಇದ್ದುವು. ಎರಡು ಪಟ್ಟಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದಳು. ಗವರ್ನರರು ಹುಟ್ಟಿದ ದಿನವೇ ಹುಟ್ಟಿದವರು ಆರು ಮಂದಿ ಸಿಕ್ಕಿದರು. ಅವರಲ್ಲಿ ಗಂಡಸರು ಮೂವರು. ಆ ಮೂವರಲ್ಲಿ ಗವರ್ನರರ ಜಿಪ್ ಸಂಖ್ಯೆಯಲ್ಲಿದ್ದವರು ಒಬ್ಬರೇ. ಹೀಗೆ ೧೯೯೭ರ ವೇಳೆಗೆ, ಭರವಸೆ ಕೊಟ್ಟವರ ಚಿಕಿತ್ಸೆಯ ವಿವರಗಳೇ ವಿದ್ಯಾರ್ಥಿನಿಯ ಕೈಯಲ್ಲಿದ್ದುವು.

ಒಂದೊಂದು ಪಟ್ಟಿಯೂ ತನ್ನಷ್ಟಕ್ಕೆ ನಿರಪಾಯಕಾರಿಯಾಗಿತ್ತು ಎಂಬುದೇ ಇಲ್ಲಿ ಗಮನಾರ್ಹವಾದ ಅಂಶ. ಒಂದರಲ್ಲಿ ರೋಗವಿತ್ತು, ಹೆಸರಿರಲಿಲ್ಲ. ಇನ್ನೊಂದರಲ್ಲಿ ಹೆಸರಿತ್ತು, ರೋಗವಿರಲಿಲ್ಲ. ಅಪಾಯ ಹುಟ್ಟಿದ್ದು ಅವೆರಡೂ ಸಂಧಿಸಿದಾಗ. ೧೯೯೦ರ ಜನಗಣತಿಯ ಆಧಾರದ ಮೇಲೆ ಅಮೆರಿಕದ ನೂರಕ್ಕೆ ೮೭ ಮಂದಿಯನ್ನು ಈ ಮೂರು ಸಂಗತಿಗಳಿಂದಲೇ ಪ್ರತ್ಯೇಕಿಸಬಹುದೆಂದು ಸ್ವೀನಿ ಅಂದಾಜು ಮಾಡಿದಳು. ೨೦೦೬ರಲ್ಲಿ ಫಿಲಿಪ್ ಗೋಲ್ ಎಂಬ ಸಂಶೋಧಕನು ೨೦೦೦ದ ಜನಗಣತಿಯಿಂದ ಮತ್ತೆ ಲೆಕ್ಕಹಾಕಿದಾಗ ದೊರೆತ ಅಂಕಿ ೬೩. ಅಂಕಿ ಇಳಿಯಿತು; ಆದರೂ ಅರ್ಧಕ್ಕಿಂತ ಹೆಚ್ಚಾಗಿಯೇ ಉಳಿಯಿತು.

ಚಲನಚಿತ್ರಗಳೂ ಹುಡುಕುಮಾತುಗಳೂ

ಜನ್ಮದಿನಾಂಕವನ್ನೂ ಅಳಿಸಿಬಿಟ್ಟರೆ ಆಗದೆ? ಆಗದು ಎಂಬುದನ್ನು ೨೦೦೬ರ ಎರಡು ಘಟನೆಗಳು ತೋರಿಸಿಕೊಟ್ಟುವು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಎ.ಓ.ಎಲ್. ಸಂಸ್ಥೆಯು, ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಅಂತರ್ಜಾಲದಲ್ಲಿ ಹುಡುಕಿದ್ದ ಸುಮಾರು ಎರಡು ಕೋಟಿ ಮಾತುಗಳನ್ನು ಸಂಶೋಧನೆಗಾಗಿ ಪ್ರಕಟಿಸಿತು. ಹೆಸರಿದ್ದ ಕಡೆಯಲ್ಲೆಲ್ಲ ಒಂದೊಂದು ಸಂಖ್ಯೆಯನ್ನು ಹಾಕಿತ್ತು. ಆದರೆ ಮನುಷ್ಯನು ಹುಡುಕುವುದೇನನ್ನು? ತನ್ನ ಊರಿನ ತೋಟಗಾರನನ್ನು, ತನ್ನ ಮನೆತನದ ಹೆಸರಿನವರನ್ನು, ತನ್ನ ನೋವಿಗೆ ಮದ್ದನ್ನು. ಕೆಲವೇ ದಿನಗಳಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ವರದಿಗಾರರು ಆ ಮಾತುಗಳ ಜಾಡು ಹಿಡಿದು ಒಬ್ಬ ಹಿರಿಯ ಮಹಿಳೆಯ ಮನೆಯ ಬಾಗಿಲನ್ನೇ ತಲುಪಿದರು. ಸಂಸ್ಥೆ ಕ್ಷಮೆ ಕೇಳಿ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಅದರ ಪ್ರತಿಗಳು ಜಗತ್ತಿನ ತುಂಬ ಹರಡಿಹೋಗಿದ್ದುವು.

ಎರಡನೆಯದು ನೆಟ್‌ಫ್ಲಿಕ್ಸ್ ಸಂಸ್ಥೆಯ ಕಥೆ. ಅಂದು ಅದು ಚಲನಚಿತ್ರಗಳ ತಟ್ಟೆಗಳನ್ನು ಅಂಚೆಯ ಮೂಲಕ ಬಾಡಿಗೆಗೆ ಕಳುಹಿಸುತ್ತಿತ್ತು. ಯಾವ ಚಿತ್ರ ಯಾರಿಗೆ ಮೆಚ್ಚಿಕೆಯಾದೀತೆಂದು ಇನ್ನಷ್ಟು ಸರಿಯಾಗಿ ಊಹಿಸಬಲ್ಲವರಿಗೆ ಹತ್ತು ಲಕ್ಷ ಡಾಲರುಗಳ ಬಹುಮಾನವನ್ನು ೨೦೦೬ರ ಅಕ್ಟೋಬರಿನಲ್ಲಿ ಸಾರಿತು. ಸ್ಪರ್ಧಿಗಳ ಅಭ್ಯಾಸಕ್ಕೆಂದು ಸುಮಾರು ೪,೮೦,೦೦೦ ಚಂದಾದಾರರು ೧೭,೭೭೦ ಚಿತ್ರಗಳಿಗೆ ಕೊಟ್ಟಿದ್ದ ಹತ್ತು ಕೋಟಿ ಅಂಕಗಳನ್ನು, ಹೆಸರಿಲ್ಲದೆ, ದಿನಾಂಕಸಹಿತ ಪ್ರಕಟಿಸಿತು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಇವರು ಆ ರಾಶಿಯನ್ನು ವಿಶ್ಲೇಷಿಸಿ ೨೦೦೮ರಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಿದರು. ಒಬ್ಬ ಚಂದಾದಾರನು ಎಂಟು ಚಿತ್ರಗಳಿಗೆ ಕೊಟ್ಟ ಅಂಕಗಳು ನಮಗೆ ತಿಳಿದಿದ್ದರೆ ಸಾಕು. ಅವುಗಳಲ್ಲಿ ಎರಡು ಪೂರ್ತಿ ತಪ್ಪಾಗಿದ್ದರೂ, ದಿನಾಂಕಗಳು ಎರಡು ವಾರಗಳಷ್ಟು ಹಿಂದುಮುಂದಾಗಿದ್ದರೂ, ನೂರಕ್ಕೆ ೯೯ ದಾಖಲೆಗಳನ್ನು ಬಿಡಿಯಾಗಿ ಗುರುತಿಸಬಹುದೆಂದು ಅವರು ಕಂಡುಕೊಂಡಿದ್ದರು.

ಎಂಟು ಸಿನಿಮಾಗಳಲ್ಲಿ ಅಷ್ಟು ತೂಕ ಎಲ್ಲಿಂದ ಬಂದಿತು? ಎಲ್ಲರೂ ನೋಡುವ ಚಿತ್ರಗಳು ಎಲ್ಲರನ್ನೂ ಹೋಲುತ್ತವೆ. ಆದರೆ ಪ್ರತಿಯೊಬ್ಬನೂ ಬೇರೆಯವರು ಅಷ್ಟಾಗಿ ನೋಡದ ನಾಲ್ಕಾರು ಚಿತ್ರಗಳನ್ನು ನೋಡಿರುತ್ತಾನೆ. ಅಪರೂಪದ ಉತ್ತರಕ್ಕೆ ತೂಕ ಹೆಚ್ಚೆಂಬ ಸೂತ್ರವೇ ಇಲ್ಲಿಯೂ ನಡೆಯಿತು. ನಮ್ಮ ಅಭಿರುಚಿಯೆಂಬುದೇ ನಮ್ಮ ಹೆಸರಾಗಿ ಪರಿಣಮಿಸಿತು. ಎರಡನೆಯ ಸ್ಪರ್ಧೆಯನ್ನು ನಡೆಸುವ ಯೋಚನೆಯನ್ನು ಸಂಸ್ಥೆ ೨೦೧೦ರಲ್ಲಿ ಕೈಬಿಟ್ಟಿತು.

ಕಿಸೆಯಲ್ಲಿರುವ ಸಾಕ್ಷಿ

ಉತ್ತರ ಕೊಡದೆ ಸುಮ್ಮನಿದ್ದವನೂ ಪಾರಾಗುವಂತಿಲ್ಲ. ನಮ್ಮ ಮೊಬೈಲು ಹತ್ತಿರದ ಗೋಪುರದೊಡನೆ ಆಗಾಗ ಸಂಪರ್ಕವಿಟ್ಟುಕೊಂಡಿರಲೇಬೇಕು. ಇಲ್ಲವಾದರೆ ಕರೆಯನ್ನು ಎಲ್ಲಿಗೆ ತಲುಪಿಸಬೇಕೆಂಬುದು ಜಾಲಕ್ಕೆ ತಿಳಿಯುವುದಿಲ್ಲ. ಯುರೋಪಿನ ದೇಶವೊಂದರ ಹದಿನೈದು ಲಕ್ಷ ಜನರ ಮೊಬೈಲುಗಳು ಹದಿನೈದು ತಿಂಗಳ ಕಾಲ ಬಿಟ್ಟ ಇಂಥ ಗುರುತುಗಳನ್ನು ಅಭ್ಯಸಿಸಿದ ವಿಜ್ಞಾನಿಗಳು ೨೦೧೩ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬನು ಯಾವ ಗಂಟೆಯಲ್ಲಿ ಯಾವ ಗೋಪುರದ ಬಳಿ ಇದ್ದನೆಂಬ ನಾಲ್ಕೇ ನಾಲ್ಕು ಗುರುತುಗಳಿಂದ ನೂರಕ್ಕೆ ೯೫ ಮಂದಿಯನ್ನು ಇತರ ಎಲ್ಲರಿಂದಲೂ ಪ್ರತ್ಯೇಕಿಸಬಹುದಾಗಿತ್ತು. ಇದರಲ್ಲಿ ಸೋಜಿಗವೇನೂ ಇಲ್ಲ. ನಿಮ್ಮ ಮನೆಯಿಂದ ಹೊರಡುವವರು ಇದ್ದಾರೆ. ನಿಮ್ಮ ಕಾಲೇಜಿಗೆ ಬರುವವರೂ ಇದ್ದಾರೆ. ಆದರೆ ನಿಮ್ಮ ಮನೆಯಿಂದ ಹೊರಟು, ನಿಮ್ಮ ಕಾಲೇಜಿಗೆ ಬಂದು, ಸಂಜೆ ನಿಮ್ಮ ಸಂಗೀತದ ಪಾಠಕ್ಕೂ ಭಾನುವಾರ ನಿಮ್ಮ ಅಜ್ಜಿಯ ಮನೆಗೂ ಹೋಗುವವರು ನಿಮ್ಮ ಹೊರತು ಯಾರಿದ್ದಾರೆ?

ಅಂತರ್ಜಾಲವನ್ನು ತೋರಿಸುವ ಬ್ರೌಸರ್ ಎಂಬ ತಂತ್ರಾಂಶವೂ ಹೀಗೆಯೇ. ಪರದೆಯ ಅಳತೆ, ಅಳವಡಿಸಿದ ಲಿಪಿಗಳು, ಭಾಷೆ, ಗಡಿಯಾರದ ವಲಯ ಮುಂತಾದ ಸಣ್ಣಪುಟ್ಟ ವಿವರಗಳನ್ನು ಅದು ತಾಣಗಳಿಗೆ ತಿಳಿಸುತ್ತದೆ. ಪೀಟರ್ ಎಕರ್ಸ್‌ಲಿ ಎಂಬವನು ೨೦೧೦ರಲ್ಲಿ ೪,೭೦,೦೦೦ಕ್ಕೂ ಹೆಚ್ಚು ಬ್ರೌಸರುಗಳನ್ನು ಪರೀಕ್ಷಿಸಿ, ಈ ವಿವರಗಳ ಒಟ್ಟು ತೂಕ ಕಡಿಮೆಯೆಂದರೂ ೧೮ ಬಿಟ್ ಎಂದೂ, ನೂರಕ್ಕೆ ೮೩ಕ್ಕೂ ಹೆಚ್ಚು ಬ್ರೌಸರುಗಳು ಒಂದರಂತೆ ಇನ್ನೊಂದಿರಲಿಲ್ಲವೆಂದೂ ತೋರಿಸಿದನು. ಅವನ ಪರೀಕ್ಷೆಗೆ ಬಂದವರು ಈ ವಿಷಯದಲ್ಲಿ ಮೊದಲೇ ಆಸಕ್ತಿಯಿದ್ದವರು. ಫ್ರಾನ್ಸಿನಲ್ಲಿ ಸಾಮಾನ್ಯ ಬಳಕೆದಾರರ ಇಪ್ಪತ್ತು ಲಕ್ಷ ಬ್ರೌಸರುಗಳನ್ನು ಪರಿಶೀಲಿಸಿ ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಒಂಟಿಯಾಗಿ ನಿಂತವು ಮೂರರಲ್ಲಿ ಒಂದು ಪಾಲು. ಉಳಿದವುಗಳಿಗೆ ಗುಂಪೇ ರಕ್ಷಣೆಯಾಗಿತ್ತು.

ಇನ್ನು ನಾವಾಗಿಯೇ ಅಪ್ಪಣೆ ಕೊಡುವ ಆಟಗಳೂ ಉಪಕರಣಗಳೂ ಎಷ್ಟೋ ಇವೆ. ಮೊಬೈಲನ್ನು ಕೈದೀಪವಾಗಿ ಮಾಡುವ 'ಬ್ರೈಟೆಸ್ಟ್ ಫ್ಲ್ಯಾಷ್‌ಲೈಟ್' ಎಂಬ ತಂತ್ರಾಂಶವನ್ನು ಕೋಟ್ಯಂತರ ಜನರು ಇಳಿಸಿಕೊಂಡಿದ್ದರು. ಅದು ಬಳಕೆದಾರರ ಸ್ಥಳವನ್ನೂ ಮೊಬೈಲಿನ ಗುರುತನ್ನೂ ಜಾಹೀರಾತಿನವರಿಗೆ ದಾಟಿಸುತ್ತಿತ್ತೆಂದು ಅಮೆರಿಕದ ವಾಣಿಜ್ಯ ಆಯೋಗ ೨೦೧೩ರಲ್ಲಿ ಆರೋಪಿಸಿ, ಅದರ ತಯಾರಕರನ್ನು ಒಡಂಬಡಿಕೆಗೆ ಒಳಪಡಿಸಿತು. ಕತ್ತಲೆಯಲ್ಲಿ ದಾರಿ ತೋರಿಸಬೇಕಾದ ದೀಪವು ಹಿಡಿದವನ ಜಾಡನ್ನೇ ಪರರಿಗೆ ತೋರಿಸುತ್ತಿತ್ತು.

ಲಕೋಟೆಯನ್ನು ಏಕೆ ಅಂಟಿಸುತ್ತೇವೆ?

ಈಗ ಮೂರನೆಯ ಮಾತು ಉಳಿಯಿತು: "ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ?" ಈ ಮಾತಿನಲ್ಲಿ ಒಂದು ಮಟ್ಟಿಗೆ ಪ್ರಾಮಾಣಿಕತೆಯಿದೆ, ಅದನ್ನು ಹಾಸ್ಯಮಾಡಲಾಗದು. ಆದರೆ ಅದರಲ್ಲಿ ಮೂರು ದೋಷಗಳಿವೆ.

ಮೊದಲನೆಯದಾಗಿ, ನಾವು ಹೇಳಿದ್ದಷ್ಟೇ ಹೊರಬಿದ್ದಿತು ಎಂದು ಈ ಮಾತು ಭಾವಿಸುತ್ತದೆ. ಆದರೆ ಎರಡು ಪಟ್ಟಿಗಳು ಸಂಧಿಸಿದಾಗ ನಾವು ಹೇಳದೆ ಇದ್ದುದೂ ಹೊರಬೀಳುತ್ತದೆ. ಎರಡನೆಯದಾಗಿ, ಇಂದು ಕೊಟ್ಟ ಉತ್ತರ ಇಂದೇ ಮುಗಿಯುವುದಿಲ್ಲ. ಹದಿನೇಳರ ವಯಸ್ಸಿನಲ್ಲಿ ನಿದ್ರೆ ಬಾರದೆ ಹುಡುಕಿದ ಕಾಯಿಲೆಯ ಹೆಸರು, ಇಪ್ಪತ್ತೇಳರಲ್ಲಿ ಉದ್ಯೋಗವನ್ನೋ ಸಾಲವನ್ನೋ ವಿಮೆಯನ್ನೋ ಬೇಡುವಾಗ ಯಾರ ಮೇಜಿನ ಮೇಲಿರುವುದೆಂದು ಹೇಳಬಲ್ಲವರಾರು? ಮೂರನೆಯದಾಗಿ, ನಾವು ಕೊಡುವುದು ನಮ್ಮದನ್ನು ಮಾತ್ರವೇ ಅಲ್ಲ. ಮೊಬೈಲಿನಲ್ಲಿರುವ ಹೆಸರುಗಳ ಪಟ್ಟಿಯನ್ನು ನೋಡಲು ಆಟವೊಂದಕ್ಕೆ ಒಪ್ಪಿಗೆ ಕೊಟ್ಟರೆ, ನಮ್ಮ ಗೆಳೆಯರ, ಗುರುಗಳ, ವೈದ್ಯರ ಸಂಖ್ಯೆಗಳನ್ನು ಅವರನ್ನು ಕೇಳದೆಯೇ ಒಪ್ಪಿಸಿದಂತಾಯಿತು.

ನಮ್ಮ ಹಿರಿಯರು ಯೋಗಕ್ಷೇಮವನ್ನು ಕಾರ್ಡಿನಲ್ಲಿ ಬರೆಯುತ್ತಿದ್ದರು. ಮಗಳ ಮದುವೆಯ ಮಾತುಕತೆಯನ್ನೂ ಮನೆಯ ಸಾಲದ ಸಂಗತಿಯನ್ನೂ ಲಕೋಟೆಯಲ್ಲಿಟ್ಟು ಅಂಟಿಸುತ್ತಿದ್ದರು. ಲಕೋಟೆಯನ್ನು ಅಂಟಿಸಿದವರೆಲ್ಲ ತಪ್ಪು ಮಾಡಿದವರೆಂದು ಯಾವ ಅಂಚೆಯವನೂ ತಿಳಿದಿರಲಿಲ್ಲ. ಯಾವುದು ಕಾರ್ಡಿಗೆ, ಯಾವುದು ಲಕೋಟೆಗೆ ಎಂದು ಆರಿಸುವ ಅಧಿಕಾರ ಬರೆಯುವವನದಾಗಿತ್ತು. ಖಾಸಗಿತನವೆಂದರೆ ಈ ಆಯ್ಕೆಯ ಅಧಿಕಾರವೇ ಹೊರತು ಗುಟ್ಟಿನ ಚಟವಲ್ಲ.

ಈ ಅಧಿಕಾರಕ್ಕೆ ನಮ್ಮ ದೇಶದಲ್ಲಿ ನ್ಯಾಯಾಲಯದ ಮುದ್ರೆ ದೊರೆತ ಕಥೆಯಲ್ಲಿ ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ತಮ್ಮ ಇಳಿವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆ ಮೊಕದ್ದಮೆಯಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಪ್ರತ್ಯೇಕವಾದ ಶಾಸನವನ್ನು ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿತು. ಆದರೆ ಶಾಸನವು ಕಳುವಾದುದಕ್ಕೆ ದಂಡ ವಿಧಿಸೀತು. ಹೊರಬಿದ್ದ ಮಾತನ್ನು ಮತ್ತೆ ಬಾಯಿಗೆ ಸೇರಿಸಲಾರದು.

ಗುಂಪನ್ನು ಅರಿಯಬಹುದು, ವ್ಯಕ್ತಿಯನ್ನು ಬಿಡಬಹುದು

ಹಾಗಾದರೆ ಯಾರೂ ಯಾವ ಮಾಹಿತಿಯನ್ನೂ ಕೊಡಬಾರದೆ? ಹಾಗೆ ಹೇಳುವುದು ಅವಿವೇಕ. ರೋಗ ಹೇಗೆ ಹರಡುತ್ತದೆ, ಯಾವ ಊರಿಗೆ ಶಾಲೆ ಬೇಕು, ಯಾವ ಮದ್ದು ಯಾರಿಗೆ ಒಗ್ಗದು ಎಂಬುದನ್ನು ಜನರಿಂದಲೇ ತಿಳಿಯಬೇಕು. ವಿಜ್ಞಾನಕ್ಕೆ ಬೇಕಾದುದು ಗುಂಪಿನ ಸತ್ಯ, ವ್ಯಕ್ತಿಯ ಗುಟ್ಟಲ್ಲ. ಇವೆರಡನ್ನೂ ಬೇರ್ಪಡಿಸುವ ಜಾಣ ಉಪಾಯವೊಂದನ್ನು ಸ್ಟ್ಯಾನ್ಲಿ ವಾರ್ನರ್ ಎಂಬ ಸಂಖ್ಯಾಶಾಸ್ತ್ರಜ್ಞನು ೧೯೬೫ರಲ್ಲಿಯೇ ಸೂಚಿಸಿದ್ದನು. ಅದರ ಸರಳವಾದ ರೂಪ ಹೀಗಿದೆ.

ಒಂದು ಕಾಲೇಜಿನ ೧,೦೦೦ ವಿದ್ಯಾರ್ಥಿಗಳನ್ನು "ಪರೀಕ್ಷೆಯಲ್ಲಿ ಎಂದಾದರೂ ನಕಲು ಮಾಡಿದ್ದೀಯಾ?" ಎಂದು ಕೇಳಬೇಕಾಗಿದೆ. ಪ್ರತಿಯೊಬ್ಬನೂ ಮರೆಯಲ್ಲಿ ಒಂದು ನಾಣ್ಯವನ್ನು ಚಿಮ್ಮಲಿ. ತಲೆ ಬಿದ್ದರೆ ನಿಜವನ್ನೇ ಹೇಳಲಿ. ಬಾಲ ಬಿದ್ದರೆ ಮತ್ತೊಮ್ಮೆ ಚಿಮ್ಮಿ, ತಲೆಯಾದರೆ 'ಹೌದು' ಎಂದೂ ಬಾಲವಾದರೆ 'ಇಲ್ಲ' ಎಂದೂ ಹೇಳಲಿ. ಒಟ್ಟು ೩೧೦ ಮಂದಿ 'ಹೌದು' ಎಂದರೆನ್ನೋಣ. ಬಾಲ ಬಿದ್ದವರು ಸುಮಾರು ೫೦೦ ಮಂದಿ. ಅವರಲ್ಲಿ ನಾಣ್ಯದ ಮಾತಿಗೆ 'ಹೌದು' ಎಂದವರು ಸುಮಾರು ೨೫೦. ಉಳಿದ ೬೦ 'ಹೌದು'ಗಳು ನಿಜ ಹೇಳಿದ ೫೦೦ ಮಂದಿಯವು. ಅಂದರೆ ನೂರಕ್ಕೆ ೧೨ ಮಂದಿ ನಕಲು ಮಾಡಿದ್ದಾರೆ. ಗುಂಪಿನ ಸತ್ಯ ದೊರೆಯಿತು. ಆದರೆ 'ಹೌದು' ಎಂದ ಯಾವನೊಬ್ಬನ ಕಡೆಗೂ ಬೆರಳು ತೋರಿಸುವಂತಿಲ್ಲ. "ನಾನಲ್ಲ, ನಾಣ್ಯ ಹೇಳಿತು" ಎನ್ನಲು ಅವನಿಗೆ ಅವಕಾಶವಿದೆ.

ಇದೇ ಬೀಜದಿಂದ ಬೆಳೆದ ಗಣಿತಶಾಖೆಯೊಂದಕ್ಕೆ ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು ೨೦೦೬ರಲ್ಲಿ ಭದ್ರವಾದ ತಳಹದಿಯನ್ನು ಹಾಕಿದರು. ಲೆಕ್ಕಕ್ಕೆ ಅಳತೆಯರಿತು ತುಸು ಗದ್ದಲವನ್ನು ಬೆರೆಸಿ, ಯಾವೊಬ್ಬನ ದಾಖಲೆ ಸೇರಿದರೂ ಬಿಟ್ಟರೂ ಫಲಿತಾಂಶ ಹೆಚ್ಚಾಗಿ ಬದಲಾಗದಂತೆ ನೋಡಿಕೊಳ್ಳುವುದು ಇದರ ತಿರುಳು. ಅಮೆರಿಕವು ತನ್ನ ೨೦೨೦ರ ಜನಗಣತಿಯ ಅಂಕಿಗಳನ್ನು ಪ್ರಕಟಿಸುವಾಗ ಈ ವಿಧಾನವನ್ನು ಅನುಸರಿಸಿತು.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದೂ ಉಂಟು. ಪ್ರಶ್ನೆಗೆ ಉತ್ತರ ಕೊಡುವ ಮೊದಲು, "ಈ ಕೆಲಸಕ್ಕೆ ಈ ಉತ್ತರ ಬೇಕೇ?" ಎಂದು ಕೇಳಿಕೊಳ್ಳುವುದು ಮೊದಲ ಹೆಜ್ಜೆ. ದಾರಿ ತೋರಿಸುವ ನಕ್ಷೆಗೆ ನಾವಿರುವ ಸ್ಥಳ ತಿಳಿಯಲೇಬೇಕು. ಚದುರಂಗದ ಆಟಕ್ಕೆ ಅದೇಕೆ? ಹವೆಯನ್ನು ತಿಳಿಸುವ ತಂತ್ರಾಂಶಕ್ಕೆ ಊರು ಗೊತ್ತಿದ್ದರೆ ಸಾಕು, ಬೀದಿ ಬೇಡ. ಈಗಿನ ಅನೇಕ ಮೊಬೈಲುಗಳಲ್ಲಿ ನಿಖರವಾದ ಸ್ಥಳದ ಬದಲಾಗಿ ಅಂದಾಜಿನ ಸ್ಥಳವನ್ನಷ್ಟೇ ತಿಳಿಸುವ ಅನುಕೂಲವಿದೆ. ಬಹುಮಾನದ ಚೀಟಿಗೆ ಹುಟ್ಟಿದ ದಿನಾಂಕದ ಬದಲು ವರ್ಷವನ್ನಷ್ಟೇ ಬರೆದರೆ ಸುಮಾರು ಎಂಟೂವರೆ ಬಿಟ್‌ಗಳು ನಮ್ಮಲ್ಲಿಯೇ ಉಳಿಯುತ್ತವೆ. ಎಂದರೆ ನಾವು ೩೬೫ ಪಟ್ಟು ದೊಡ್ಡದಾದ ಗುಂಪಿನಲ್ಲಿ ಬೆರೆತುಹೋಗುತ್ತೇವೆ. ಪಿನ್ ಕೋಡಿನ ಬದಲು ಜಿಲ್ಲೆಯನ್ನು ಬರೆದರೆ ಗುಂಪು ಇನ್ನೂ ಹಿಗ್ಗುತ್ತದೆ. ಕೇಳಿದವರಿಗೆ ನಿಜವಾಗಿ ಬೇಕಾಗಿದ್ದುದು ನಮ್ಮ ವಯಸ್ಸಿನವರ 'ಅಭಿರುಚಿ'ಯಾಗಿದ್ದರೆ ಅಷ್ಟರಿಂದ ಅವರಿಗೆ ನಷ್ಟವೇನೂ ಇಲ್ಲ.

ಮೊದಲಿನ ಮೂರು ಮಾತುಗಳನ್ನು ಈಗ ತೂಗಿ ನೋಡಬಹುದು. ಹೆಸರು ಕೊಡದಿದ್ದರೂ ಮನುಷ್ಯನು ಸಿಕ್ಕಿಬೀಳುತ್ತಾನೆ. ಸಣ್ಣ ವಿಷಯಗಳು ಕೂಡಿದರೆ ಸಣ್ಣವಾಗಿ ಉಳಿಯುವುದಿಲ್ಲ. ಮುಚ್ಚಿಡುವಂಥದ್ದು ಇಲ್ಲದವನಿಗೂ, ಏನನ್ನು ಯಾರಿಗೆ ತೆರೆಯಬೇಕೆಂದು ಆರಿಸುವ ಹಕ್ಕು ಇರಲೇಬೇಕು. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಹಣದ ಉಳಿತಾಯಕ್ಕಾಗಿ ಕಲಿತೆವು. ಮೂವತ್ತೊಂದು ಹನಿಗಳಿಗೆ ತುಂಬುವ ಹಳ್ಳವೊಂದು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಅದಕ್ಕೆ ಬೀಳುವ ಹನಿಗಳನ್ನು ಎಣಿಸಿ ಕೊಡುವ ಅಭ್ಯಾಸವನ್ನಾದರೂ ನಾವು ಮಾಡಿಕೊಳ್ಳಬೇಕು.